ಸೋಫಾ ನಿಮ್ಮದು, ಉಗುರು ಅದರದ್ದು

ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ನನ್ನ ಟೀಮಿನ ಒಬ್ಬ ಪಕ್ಕಕ್ಕೆ ಬಂದು ಕೂತ. ಡಬ್ಬಿ ಮುಚ್ಚಳ ತೆಗೆಯುತ್ತಾ ಕೇಳಿದ: “ಗುರು, ನಿಮ್ಮನೇಲೂ ಬೆಕ್ಕಿದೆಯಲ್ಲ. ಅದರ ಉಗುರು ಪರ್ಮನೆಂಟಾಗಿ ತೆಗೆಸ್ಬೇಕು ಅಂದ್ರೆ ಬೆಂಗಳೂರಲ್ಲಿ ಎಷ್ಟಾಗುತ್ತೆ?”

ಎಸಿ ಸರ್ವಿಸ್‌ಗೆ ಎಷ್ಟಾಗುತ್ತೆ ಅಂತ ಕೇಳ್ತಾರಲ್ಲ, ಅದೇ ಧಾಟಿ. ಅವನೇನೂ ಕೆಟ್ಟವನಲ್ಲ. ಆರು ವರ್ಷ ಅಮೆರಿಕದಲ್ಲಿ ಇದ್ದು ಬಂದವನು. ಅಲ್ಲಿ ಅವನ ಪಕ್ಕದ ಮನೆಯ ಬೆಕ್ಕಿಗೆ ಹಾಗೆ ಮಾಡಿಸಿದ್ದರಂತೆ. “ಒಂದೇ ದಿನದ ಕೆಲಸ, ಆಮೇಲೆ ತಲೆನೋವೇ ಇಲ್ಲ” ಅಂದ. ಈಗ ಅವನ ಮನೆಯ ಹೊಸ ಎಲ್ ಆಕಾರದ ಸೋಫಾದ ಎರಡೂ ಕೈಗಳಿಂದ ಸ್ಪಂಜು ಹೊರಗೆ ಇಣುಕ್ತಾ ಇದೆ. ಹೆಂಡತಿ ಹೇಳಿಬಿಟ್ಟಿದ್ದಾಳಂತೆ: ಒಂದೋ ಬೆಕ್ಕು, ಇಲ್ಲಾ ಸೋಫಾ.

ನಾನು ಅವನ ಮೇಲೆ ರೇಗಬಹುದಿತ್ತು. ರೇಗಲಿಲ್ಲ. ಯಾಕಂದ್ರೆ ಎರಡು ವರ್ಷದ ಹಿಂದೆ ಅದೇ ಪ್ರಶ್ನೆಯನ್ನ ನಾನೂ ಕೇಳಿದ್ದೆ. ಊಟದ ಹತ್ತು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸೋಕೆ ಆಗಲಿಲ್ಲ. ಹಾಗಾಗಿ ಇಲ್ಲಿ ಬರೀತಾ ಇದ್ದೀನಿ. ಅವನೊಬ್ಬನಿಗಲ್ಲ, ಅಪಾರ್ಟ್‌ಮೆಂಟಿನಲ್ಲಿ ಬೆಕ್ಕು ಸಾಕಿಕೊಂಡು ಸೋಫಾಕ್ಕಾಗಿ ಅಳ್ತಾ ಇರೋ ನಮ್ಮೆಲ್ಲರಿಗೂ.

ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ.

ನಮ್ಮ ಬೆಕ್ಕಿನ ಹೆಸರು ಚಕ್ಲಿ. ಸುತ್ತಿಕೊಂಡು ಮಲಗಿದಾಗ ಮೈಮೇಲಿನ ಪಟ್ಟೆಗಳು ಥೇಟ್ ಚಕ್ಕುಲಿ ಥರಾನೇ ಕಾಣೋದ್ರಿಂದ ಆ ಹೆಸರು. ಒಂದು ಮಳೆಗಾಲದ ರಾತ್ರಿ ನಮ್ಮ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಕಾರಿನ ಕೆಳಗೆ ಕೂತು ಕಿರುಚ್ತಾ ಇತ್ತು. ಅಂಗೈ ಅಗಲದ ಮರಿ. ಮೇಲಕ್ಕೆ ತಂದೆವು. ಅದೇ ತಿಂಗಳು ನಾವು 62 ಸಾವಿರ ರೂಪಾಯಿಯ ಸೋಫಾ ತಗೊಂಡಿದ್ದೆವು, 12 ತಿಂಗಳ ಇಎಂಐ. ನಾನು ಹುಟ್ಟಿದ ಮನೆಯಲ್ಲಿ ಕೂರೋದಕ್ಕೆ ಇದ್ದದ್ದು ಜಗಲಿ, ಚಾಪೆ, ಯಾರಾದರೂ ದೊಡ್ಡವರು ಬಂದರೆ ಒಂದು ಕಬ್ಬಿಣದ ಫೋಲ್ಡಿಂಗ್ ಕುರ್ಚಿ. ಹಾಗಾಗಿ ಆ ಸೋಫಾ ನನಗೆ ಬರೀ ಸೋಫಾ ಆಗಿರಲಿಲ್ಲ. ನಾನು ಎಲ್ಲಿಂದ ಎಲ್ಲಿಗೆ ಬಂದೆ ಅನ್ನೋದರ ಸರ್ಟಿಫಿಕೇಟ್ ಆಗಿತ್ತು. ಮೂರನೇ ಇಎಂಐ ಕಟ್ಟೋ ಹೊತ್ತಿಗೆ ಚಕ್ಲಿ ಆ ಸರ್ಟಿಫಿಕೇಟಿನ ಎಡಗೈಯನ್ನ ಬಗೆದು ಹಾಕಿತ್ತು.

ನಾನು ಏನೇನು ಮಾಡಿದೆ ಗೊತ್ತಾ? ಪೇಪರ್ ಸುತ್ತಿ ಹೊಡೆದೆ. ಗಿಡಕ್ಕೆ ನೀರು ಚಿಮುಕಿಸೋ ಸ್ಪ್ರೇ ಬಾಟಲಿ ಹಿಡಿದು ಮುಖಕ್ಕೆ ಎರಚಿದೆ. ಒಂದು ಸಲ ಕತ್ತಿನ ಚರ್ಮ ಹಿಡಿದೆತ್ತಿ ಬಾತ್‌ರೂಮಿನಲ್ಲಿ ಹಾಕಿ ಚಿಲಕ ಹಾಕಿ ಆಫೀಸಿನ ಕಾಲ್ ಮುಗಿಸಿದೆ. ಫಲ ಏನಪ್ಪಾ ಅಂದ್ರೆ, ನಾನು ಇರೋವಾಗ ಪರಚೋದು ನಿಂತಿತು. ರಾತ್ರಿ ನಾವು ಮಲಗಿದ ಮೇಲೆ ಶುರುವಾಯಿತು. ಅಷ್ಟೇ ಅಲ್ಲ, ನಾನು ಹಾಲ್‌ಗೆ ಬಂದರೆ ಚಕ್ಲಿ ಮಂಚದ ಕೆಳಗೆ ಓಡತೊಡಗಿತು. ಸೋಫಾ ಪರಚಬಾರದು ಅನ್ನೋ ಪಾಠ ಅದಕ್ಕೆ ತಲುಪಲೇ ಇಲ್ಲ. ತಲುಪಿದ್ದು ಒಂದೇ ಪಾಠ: ಈ ಮನುಷ್ಯ ಸರಿ ಇಲ್ಲ.

ಆಮೇಲೆ ಲಸಿಕೆ ಹಾಕಿಸೋಕೆ ಕ್ಲಿನಿಕ್‌ಗೆ ಹೋದಾಗ ನಾನು ಆ ಪ್ರಶ್ನೆ ಕೇಳಿದೆ. “ಮೇಡಂ, ಉಗುರು ಪರ್ಮನೆಂಟಾಗಿ ತೆಗೆಯೋಕೆ ಆಗುತ್ತಾ?”

ಡಾಕ್ಟರ್ ಏನೂ ಮಾತಾಡಲಿಲ್ಲ. ನನ್ನ ಬಲಗೈ ಕೇಳಿದರು. ಕೊಟ್ಟೆ. ತೋರುಬೆರಳಿನ ತುದಿಯ ಗೆಣ್ಣನ್ನ ತಮ್ಮ ಎರಡು ಬೆರಳಲ್ಲಿ ಒತ್ತಿ ಹಿಡಿದರು. “ಇಲ್ಲಿಗೆ ಕತ್ತರಿಸ್ಬೇಕು. ಒಂದಲ್ಲ, ಹತ್ತೂ ಬೆರಳು. ಮಾಡ್ಲಾ?”

ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲದೆ ಇರಬಹುದು. ಬೆಕ್ಕಿನ ಉಗುರು ನಮ್ಮ ಉಗುರಿನ ಹಾಗೆ ಚರ್ಮದ ಮೇಲೆ ಕೂತಿರೋದಲ್ಲ. ಅದು ಬೆರಳಿನ ಕೊನೆಯ ಮೂಳೆಗೇ ಅಂಟಿಕೊಂಡು ಬೆಳೆಯುತ್ತೆ. ಉಗುರು ಮತ್ತೆ ಬರಬಾರದು ಅಂದ್ರೆ ಆ ಮೂಳೆಯನ್ನೇ ಕೀಲಿನ ಹತ್ತಿರ ತೆಗೀಬೇಕು. ಮುಂದಿನ ಒಂದೊಂದು ಕಾಲಲ್ಲಿ ಐದು, ಹಿಂದಿನ ಒಂದೊಂದು ಕಾಲಲ್ಲಿ ನಾಲ್ಕು, ಒಟ್ಟು 18 ಉಗುರು. ಸಾಮಾನ್ಯವಾಗಿ ತೆಗೆಯೋದು ಮುಂದಿನ ಹತ್ತು. ಅಂದ್ರೆ ಹತ್ತು ಬೆರಳಿನ ತುದಿ. ಇದಕ್ಕೆ ‘ಉಗುರು ತೆಗೆಸೋದು’ ಅಂತ ಹೆಸರಿಟ್ಟಿದ್ದೇ ಒಂದು ದೊಡ್ಡ ಸುಳ್ಳು. ನಾವು ಸಾಫ್ಟ್‌ವೇರ್‌ನವರು ಇಂಥ ಹೆಸರಿಡೋದರಲ್ಲಿ ನಿಸ್ಸೀಮರು ಬಿಡಿ. ಕೆಲಸದಿಂದ ಕಿತ್ತು ಹಾಕೋದಕ್ಕೆ ‘ರೈಟ್‌ಸೈಸಿಂಗ್’ ಅಂತೀವಲ್ಲ, ಹಾಗೆ.

ಇನ್ನೊಂದು ವಿಷಯ. ಬೆಕ್ಕು ನಡೆಯೋದು ಪಾದದ ಮೇಲಲ್ಲ, ಬೆರಳಿನ ಮೇಲೆ. ಅದರ ಇಡೀ ಮೈಭಾರ ಹೊರೋ ಜಾಗವನ್ನೇ ನಾವು ಮೊಟಕು ಮಾಡ್ತೀವಿ. ಆಮೇಲೆ ಕೆಲವು ಬೆಕ್ಕುಗಳಿಗೆ ನೋವು ಹೋಗೋದೇ ಇಲ್ಲ. ಲಿಟರ್ ಬಾಕ್ಸಿನ ಮರಳಲ್ಲಿ ಕೆದಕಿದರೆ ನೋಯುತ್ತೆ ಅಂತ ಬಾಕ್ಸ್ ಬಿಟ್ಟು ನಿಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ಯೋವೂ ಉಂಟು. ಉಗುರಿಲ್ಲದ ಬೆಕ್ಕಿಗೆ ಹೆದರಿಕೆಯಾದಾಗ ಉಳಿಯೋ ಆಯುಧ ಹಲ್ಲೊಂದೇ. ಕಚ್ಚೋದು ಜಾಸ್ತಿ ಆಗುತ್ತೆ. ಅಂದ್ರೆ ಸೋಫಾ ಉಳಿಸೋಕೆ ಹೋಗಿ ಹಾಸಿಗೆಯೂ ಹೋಯಿತು, ಕೈಗೂ ಗಾಯ. ಒಂದು ಬಗ್ ಮುಚ್ಚೋಕೆ ಹೋಗಿ ಮೂರು ಬಗ್ ತೆರೆದ ಹಾಗೆ.

“ಅಮೆರಿಕದಲ್ಲಿ ಮಾಡ್ತಾರಲ್ಲ” ಅನ್ನೋರಿಗೆ ಒಂದು ಮಾತು. ಅಮೆರಿಕದಲ್ಲೇ ವೆಸ್ಟ್ ಹಾಲಿವುಡ್ ನಗರ 2003ರಲ್ಲೇ ಇದನ್ನ ನಿಷೇಧಿಸಿತು. 2019ರಲ್ಲಿ ನ್ಯೂಯಾರ್ಕ್ ರಾಜ್ಯ ಇಡೀ ರಾಜ್ಯದಲ್ಲಿ ನಿಲ್ಲಿಸಿತು. ಇಸ್ರೇಲ್ 2011ರಲ್ಲಿ ಕಾನೂನು ಮಾಡಿತು. ಬ್ರಿಟನ್ನಿನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಇದನ್ನ ಅಪರಾಧ ಅನ್ನುತ್ತೆ. ಉಗುರಿನ ಬುಡದಲ್ಲಿ ಗಡ್ಡೆಯೋ ಗುಣವಾಗದ ಸೋಂಕೋ ಆಗಿ ಡಾಕ್ಟರೇ ತೆಗೆಯಬೇಕಾಗಿ ಬಂದರೆ ಆ ಮಾತು ಬೇರೆ. ಸೋಫಾ ಹರಿದಿದ್ದು ಬೆಕ್ಕಿನ ಕಾಯಿಲೆ ಅಲ್ಲ.

ನಮ್ಮಲ್ಲೂ ಕಾನೂನಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಪ್ರಾಣಿಯ ಅಂಗ ಊನ ಮಾಡೋದನ್ನ ಕ್ರೌರ್ಯದ ಪಟ್ಟಿಗೆ ಸೇರಿಸಿದೆ. ಸುಮ್ಮಸುಮ್ಮನೆ ಹೊಡೆಯೋದು, ಒದೆಯೋದೂ ಅದೇ ಪಟ್ಟಿಯಲ್ಲಿದೆ. ಅಂದ್ರೆ ಪೇಪರ್ ಸುತ್ತಿ ಹೊಡೆದ ನಾನೂ ಒಳಗೇ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಅಂತೀರಿ? ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಕೋರಮಂಗಲದ ಕೆಫೆಯಲ್ಲಿ ಆ ದುಡ್ಡಿಗೆ ನೀರಿನ ಬಾಟಲಿಯೂ ಬರಲ್ಲ. ಹಾಗಾಗಿ ಕಾನೂನಿನ ಹೆದರಿಕೆಯಿಂದ ಯಾರೂ ಸುಮ್ಮನಿರಲ್ಲ ಅನ್ನೋದು ನನಗೂ ಗೊತ್ತು. ನಾಚಿಕೆಯಿಂದ ಸುಮ್ಮನಿರಬೇಕು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಬೆಕ್ಕು ಯಾಕೆ ಪರಚುತ್ತೆ?

ನಮ್ಮ ಕೆಲಸದಲ್ಲಿ ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದರೆ ಮೊದಲು ಮೂಲ ಕಾರಣ ಹುಡುಕು ಅಂತಾರೆ. ಅಲರ್ಟ್ ಬರ್ತಿದೆ ಅಂತ ಅಲರ್ಟನ್ನೇ ಆಫ್ ಮಾಡಿದರೆ ಮ್ಯಾನೇಜರ್ ಉಗೀತಾರೆ. ಮನೆಗೆ ಬಂದ ತಕ್ಷಣ ನಾವು ಆ ಬುದ್ಧಿಯನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬರ್ತೀವಿ. ಬೆಕ್ಕು ನಮ್ಮ ಮೇಲಿನ ಸೇಡಿಗೆ ಪರಚೋದಿಲ್ಲ. ಸೋಫಾದ ಬೆಲೆ ಅದಕ್ಕೆ ಗೊತ್ತಿಲ್ಲ. ಉಗುರಿನ ಹೊರಗಿನ ಹಳೇ ಪೊರೆ ಕಳಚಿ ಒಳಗಿನ ಹೊಸ ಚೂಪು ಹೊರಗೆ ಬರಬೇಕು, ಅದಕ್ಕೆ ಪರಚುತ್ತೆ. ಮಲಗಿ ಎದ್ದಾಗ ಬೆನ್ನು, ಭುಜ ಎಲ್ಲಾ ಹಿಗ್ಗಿಸಿ ಮೈ ಮುರೀಬೇಕು, ಅದಕ್ಕೆ ಏನಾದರೂ ಗಟ್ಟಿಯಾಗಿ ಹಿಡಿಯೋಕೆ ಬೇಕು. ಅದರ ಅಂಗಾಲಲ್ಲಿ ವಾಸನೆಯ ಗ್ರಂಥಿಗಳಿವೆ. ಪರಚಿದ ಜಾಗದಲ್ಲಿ ಗೀರೂ ಉಳಿಯುತ್ತೆ, ವಾಸನೆಯೂ ಉಳಿಯುತ್ತೆ. “ಇಲ್ಲಿ ನಾನಿದ್ದೀನಿ” ಅಂತ ಹೇಳಿದ ಹಾಗೆ. ಹೊಸ ಮನೆಗೆ ಹೋದಾಗ ನಾವು ಬಾಗಿಲಿಗೆ ನೇಮ್‌ಪ್ಲೇಟ್ ಹಾಕಲ್ವಾ? ಇದೂ ಅಷ್ಟೇ. ಪರಚೋದು ಬಗ್ ಅಲ್ಲ. ಅದು ಬೆಕ್ಕು ಅನ್ನೋ ಪ್ರಾಣಿಯ ಮೂಲ ಡಿಸೈನು.

ಈ ಡಿಸೈನು ನನಗೆ ಗೊತ್ತಿರಬೇಕಿತ್ತು. ಅದೇ ನನಗೆ ಬೇಜಾರು.

ನಮ್ಮೂರು ತಿಪಟೂರಿನ ಕಡೆ. ಕೊಬ್ಬರಿ ಸೀಮೆ. ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ತುಂಬಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡಬೇಕು. ಒಳಗೇ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು ಗಡಗಡ ಅಂದಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಇಡೀ ವರ್ಷದ ದುಡ್ಡು ಅಟ್ಟದ ಮೇಲೆ ಕೂತಿರುತ್ತೆ. ಅಲ್ಲಿಗೆ ಇಲಿ ಬಿದ್ದರೆ ಮುಗೀತು. ಅದಕ್ಕೇ ಪ್ರತಿ ಮನೆಯಲ್ಲೂ ಬೆಕ್ಕು. ನನ್ನ ಬಿಇ ಫೀಸಿನಲ್ಲಿ ಒಂದು ಪಾಲು ನಮ್ಮನೆ ಅಟ್ಟದ ಬೆಕ್ಕಿನದು ಅಂದ್ರೆ ತಪ್ಪಾಗಲ್ಲ. ಅದಕ್ಕೆ ಹೆಸರಿರಲಿಲ್ಲ. ಬೆಕ್ಕು ಅಂದ್ರೆ ಬೆಕ್ಕು. ಬೆಳಿಗ್ಗೆ ಅಟ್ಟದಿಂದ ಇಳಿದು ಬಂದು, ಹಿತ್ತಲ ತೆಂಗಿನ ಮರಕ್ಕೆ ಮುಂಗಾಲು ಊರಿ, ಮೈ ಬಿಲ್ಲಿನ ಹಾಗೆ ಬಗ್ಗಿಸಿ ಪರ ಪರ ಅಂತ ಪರಚ್ತಿತ್ತು. ಮಳೆ ಬಂದರೆ ಜಗಲಿ ಕಂಬಕ್ಕೆ. ಇಲ್ಲಾಂದ್ರೆ ಮೂಲೇಲಿ ಒರಗಿಸಿಟ್ಟ ಗೋಣಿಚೀಲಕ್ಕೆ.

ಅಜ್ಜಿ ಅದನ್ನ ನೋಡಿ ನಗೋರು. “ನೋಡ್ಲಾ, ಮಚ್ಚು ಮಸೀತೈತೆ” ಅನ್ನೋರು. ಅಷ್ಟೇ. ಅದು ನಮ್ಮನೇಲಿ ಯಾವತ್ತೂ ಒಂದು ಸಮಸ್ಯೆ ಆಗಿರಲಿಲ್ಲ. ಯಾಕಂದ್ರೆ ಪರಚೋಕೆ ಮರ ಇತ್ತು, ಕಂಬ ಇತ್ತು, ಗೋಣಿ ಇತ್ತು. ಹಾಳಾಗೋಕೆ ಸೋಫಾ ಇರಲಿಲ್ಲ.

ಈಗ ನನ್ನ ಎರಡು ಬೆಡ್‌ರೂಮಿನ ಫ್ಲ್ಯಾಟನ್ನ ಬೆಕ್ಕಿನ ಕಣ್ಣಿಂದ ನೋಡಿ. ನೆಲ ವಿಟ್ರಿಫೈಡ್ ಟೈಲು, ಉಗುರು ಜಾರುತ್ತೆ. ಅಡುಗೆಮನೆ ಗ್ರಾನೈಟು, ಜಾರುತ್ತೆ. ವಾರ್ಡ್‌ರೋಬಿಗೆ ಲ್ಯಾಮಿನೇಟು, ಜಾರುತ್ತೆ. ಬಾಲ್ಕನಿಗೆ ಪಾರಿವಾಳದ ನೆಟ್ಟು. ಆ ಸಾವಿರ ಚದರಡಿಯಲ್ಲಿ ಉಗುರು ನಾಟೋ ಹಾಗಿರೋ, ಎಳೆದರೆ ಅಲುಗದಷ್ಟು ಭಾರ ಇರೋ, ಮೈ ಹಿಗ್ಗಿಸೋಷ್ಟು ಎತ್ತರ ಇರೋ ವಸ್ತು ಒಂದೇ ಒಂದು. ಆ ಸೋಫಾ. ಚಕ್ಲಿಗೆ ಅದು ಸೋಫಾ ಅಲ್ಲ ಸ್ವಾಮಿ, ತೆಂಗಿನ ಮರ. ಮರ ಕೊಡದೆ, ಮಣ್ಣು ಕೊಡದೆ, ಗೋಣಿಚೀಲದ ತುಂಡೂ ಕೊಡದೆ ನಾಲ್ಕನೇ ಫ್ಲೋರಿನಲ್ಲಿ ಕೂಡಿಹಾಕಿ, ಆಮೇಲೆ “ಅಯ್ಯೋ, ಪರಚುತ್ತೆ” ಅಂತ ಪೇಪರ್ ಸುತ್ತೋದು ಯಾವ ನ್ಯಾಯ?

ಇಲ್ಲಿಗೆ ನಿಲ್ಲಿಸಿದರೆ ‘ಹಳ್ಳಿ ಚೆಂದ, ಸಿಟಿ ಕೆಟ್ಟದ್ದು’ ಅನ್ನೋ ಇನ್ನೊಂದು ಬರಹ ಆಗುತ್ತೆ. ಅಂಥವನ್ನ ಬೆಂಗಳೂರಿನಲ್ಲಿ ಕೂತು ಬರೆಯೋದು ಸುಲಭ. ಹಾಗಾಗಿ ಇನ್ನೊಂದು ಸತ್ಯವನ್ನೂ ಹೇಳಿಬಿಡ್ತೀನಿ.

ನನಗೆ ಆಗ ಹತ್ತು ವರ್ಷ ಇರಬೇಕು. ಅಟ್ಟದ ಬೆಕ್ಕು ಐದು ಮರಿ ಹಾಕಿತ್ತು. ಮನೆಗೆ ಒಂದೇ ಬೆಕ್ಕು ಸಾಕು. ಒಂದನ್ನ ಇಟ್ಟುಕೊಂಡು ಮಿಕ್ಕ ನಾಲ್ಕನ್ನ ಗೋಣಿಚೀಲಕ್ಕೆ ಹಾಕಿ, ಬಾಯಿಗೆ ದಾರ ಕಟ್ಟಿ ನನ್ನ ಕೈಗೆ ಕೊಟ್ಟರು. ಚೀಲದಲ್ಲಿ ಹಾಕದಿದ್ದರೆ ದಾರಿ ನೋಡಿಕೊಂಡು ವಾಪಸ್ ಬರ್ತಾವೆ ಅನ್ನೋ ನಂಬಿಕೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಹೋಗಿ, ಕೆರೆ ಏರಿ ದಾಟಿ ಆ ಕಡೆ ಬಿಟ್ಟು ಬಂದೆ. ಚೀಲದ ಬಾಯಿ ಬಿಚ್ಚಿದಾಗ ಮೂರು ಹೊರಗೆ ಬಂದವು. ನಾಲ್ಕನೆಯದು ಬರಲಿಲ್ಲ. ಚೀಲದ ಒಳಗೆ ಗೋಣಿಗೆ ಉಗುರು ಸಿಕ್ಕಿಸಿಕೊಂಡು ನೇತಾಡ್ತಿತ್ತು. ಒಂದೊಂದೇ ಉಗುರು ಬಿಡಿಸಿ ನೆಲಕ್ಕೆ ಬಿಟ್ಟು, ತಿರುಗಿ ನೋಡದೆ ಸೈಕಲ್ ತುಳಿದೆ. ಮನೆಗೆ ಬಂದಾಗ ಯಾರೂ ಏನೂ ಕೇಳಲಿಲ್ಲ. ಊರಲ್ಲಿ ಎಲ್ಲರೂ ಹಾಗೇ ಮಾಡ್ತಿದ್ದರು.

ಪಾರ್ಕಿಂಗಿನಲ್ಲಿ ಚಕ್ಲಿಯನ್ನ ಎತ್ತಿಕೊಂಡಾಗ ಅದು ನನ್ನ ಶರ್ಟಿಗೆ ಉಗುರು ಸಿಕ್ಕಿಸಿಕೊಂಡು ಬಿಡಲೇ ಇಲ್ಲ. ನಾನು ಮರಿಯನ್ನ ಮನೆಗೆ ತಂದದ್ದು ದೊಡ್ಡ ಮನಸ್ಸಿನಿಂದ ಅಂತ ಹೆಂಡತಿ ಅಂದುಕೊಂಡಳು. ನಿಜ ಕಾರಣ ಆ ಗೋಣಿಚೀಲ. ಅಂಥ ನಾನೇ ಮೂರು ತಿಂಗಳಾದ ಮೇಲೆ ಡಾಕ್ಟರ್ ಮುಂದೆ ಕೂತು, ಅವೇ ಉಗುರುಗಳನ್ನ ತೆಗೆಯೋಕೆ ಎಷ್ಟಾಗುತ್ತೆ ಅಂತ ಕೇಳಿದೆ ನೋಡಿ, ಅದಕ್ಕೆ ಏನನ್ನಬೇಕು?

ಹಳ್ಳಿಯಲ್ಲಿ ನಮಗೆ ಬೆಕ್ಕು ಬೇಕಾಗಿದ್ದು ಉಗುರಿಗಾಗಿ. ಉಗುರು ಬೇಕು, ಮರಿ ಬೇಡ. ಸಿಟಿಯಲ್ಲಿ ನಮಗೆ ಬೆಕ್ಕು ಬೇಕಾಗಿರೋದು ಇನ್‌ಸ್ಟಾಗ್ರಾಂಗಾಗಿ, ಸಂಜೆ ಲ್ಯಾಪ್‌ಟಾಪ್ ಮುಚ್ಚಿದಾಗ ತೊಡೆ ಮೇಲೆ ಬೆಚ್ಚಗೆ ಏನಾದರೂ ಇರಲಿ ಅಂತ. ತುಪ್ಪಳ ಬೇಕು, ಉಗುರು ಬೇಡ. ಎರಡೂ ಕಡೆ ಬೆಕ್ಕಿನಲ್ಲಿ ನಮಗೆ ಬೇಕಾದ ಭಾಗ ಇಟ್ಟುಕೊಂಡು ಬೇಡದ ಭಾಗವನ್ನ ಕೆರೆ ಆಚೆ ಎಸೀತೀವಿ. ನನ್ನ ಜಗಳ ಇರೋದು ಇದರ ಜೊತೆ. ಇಡೀ ಬೆಕ್ಕು ಬೇಕಾದರೆ ಸಾಕಿ. ಉಗುರಿಲ್ಲದ ಬೆಕ್ಕು ಬೇಕು ಅನ್ನೋರಿಗೆ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಬಟ್ಟೆಯ ಬೆಕ್ಕು ಸಿಗುತ್ತೆ, ವಾಷಿಂಗ್ ಮಷೀನಿಗೂ ಹಾಕಬಹುದು.

“ಸರಿ ಮಾರಾಯ, ಭಾಷಣ ಆಯ್ತು. ಸೋಫಾ ಗತಿ ಏನು?” ಅಂತೀರಿ. ನ್ಯಾಯವಾದ ಪ್ರಶ್ನೆ. ಉತ್ತರ ಇದೆ, ಕಷ್ಟದ್ದೂ ಅಲ್ಲ. ಬೆಕ್ಕಿಗೆ ಅದರ ಮರ ವಾಪಸ್ ಕೊಡಿ.

ಆನ್‌ಲೈನಿನಲ್ಲಿ ಸಿಗೋ ಕಂಬ ತರಿಸಿ ಸೋತವರು ತುಂಬಾ ಜನ. ನಾನೂ ಸೋತೆ. ಒಂದೂವರೆ ಅಡಿ ಎತ್ತರದ, ಬೊಂಬೆ ನೇತುಹಾಕಿದ, ಮುಟ್ಟಿದರೆ ಅಲ್ಲಾಡೋ ಕಂಬ. ಚಕ್ಲಿ ಒಂದು ಸಲ ಕಾಲಿಟ್ಟಿತು, ಕಂಬ ಅದರ ಮೇಲೇ ಬಿತ್ತು, ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ತೆಂಗಿನ ಮರ ಯಾವತ್ತಾದರೂ ಬೆಕ್ಕಿನ ಮೇಲೆ ಬಿದ್ದಿದೆಯಾ? ಕಂಬ ಕನಿಷ್ಠ ಮೂರಡಿ ಎತ್ತರ ಇರಬೇಕು, ಬೆಕ್ಕು ಪೂರ್ತಿ ಹಿಗ್ಗಿ ನಿಲ್ಲೋ ಹಾಗೆ. ಬುಡ ಅಗಲವಾಗಿ, ಭಾರವಾಗಿ ಇರಬೇಕು.

ನಾನು ಮಾಡಿದ್ದು ಹೀಗೆ. ಕಟ್ಟಡದ ಕೆಲಸಕ್ಕೆ ಬಳಸೋ ಸರ್ವೆ ಕಂಬ ಇರುತ್ತಲ್ಲ, ನಾಲ್ಕಿಂಚು ದಪ್ಪದ್ದು ಮೂರಡಿ ಕೊಯ್ಸಿದೆ. ಎರಡಡಿ ಚೌಕದ ದಪ್ಪ ಪ್ಲೈವುಡ್ ಮೇಲೆ ನಿಲ್ಲಿಸಿ ಕೆಳಗಿನಿಂದ ಉದ್ದನೆ ಸ್ಕ್ರೂ ಹೊಡೆಸಿದೆ. ಅಪ್ಪನಿಗೆ ಫೋನ್ ಮಾಡಿ ತೆಂಗಿನ ನಾರಿನ ಹಗ್ಗ ಬಸ್ಸಿಗೆ ಹಾಕಿಸು ಅಂದೆ. ಹತ್ತು ಮೀಟರ್ ಸಾಕು ಅಂತ ನನ್ನ ಎಸ್ಟಿಮೇಟು. ಎಂದಿನಂತೆ ತಪ್ಪಾಯಿತು. ಸಂದಿಲ್ಲದೆ ಬಿಗಿಯಾಗಿ ಸುತ್ತೋಕೆ ಹತ್ತಿರ ಹತ್ತಿರ 40 ಮೀಟರ್ ಬೇಕಾಯಿತು. ಮೇಲೆ, ಕೆಳಗೆ ಮೊಳೆ ಹೊಡೆದು ನಡುವೆ ಮರಗೆಲಸದ ಗಮ್ ಹಾಕಿದೆ. ಅಪ್ಪ ಕೇಳಿದರು, “ಯಾತಕ್ಕಪ್ಪಾ ಹಗ್ಗ, ಹಸ ಏನಾದ್ರೂ ಕಟ್ಟಿದ್ಯಾ ಅಲ್ಲಿ?” ಅಂಗಡಿಯ ಕಂಬಗಳಿಗೆ ಸುತ್ತೋದು ಸೈಸಲ್ ಹಗ್ಗ. ಸೈಸಲ್ ಅಂದ್ರೆ ಬೇರೇನಲ್ಲ, ನಮ್ಮ ಹೊಲದ ಬದುವಿನ ಕತ್ತಾಳೆಯ ಜಾತಿಯದ್ದೇ ನಾರು. ಅದೂ ಆಗುತ್ತೆ, ಇದೂ ಆಗುತ್ತೆ. ಎಲ್ಲಾ ಸೇರಿ ನನಗೆ ಖರ್ಚಾಗಿದ್ದು ಆರುನೂರು ರೂಪಾಯಿ ಚಿಲ್ಲರೆ.

ಮಾಡಿದ ಮೇಲೆ ಅದನ್ನ ಯುಟಿಲಿಟಿಯ ಮೂಲೆಯಲ್ಲಿ ಇಡಬೇಡಿ. ಎಲ್ಲರೂ ಮಾಡೋ ತಪ್ಪು ಇದು, ಕಂಬ ಹಾಲ್‌ನ ಅಂದ ಕೆಡಿಸುತ್ತೆ ಅಂತ. ಬೆಕ್ಕು ನೇಮ್‌ಪ್ಲೇಟ್ ಹಾಕೋದು ಜನ ಓಡಾಡೋ ಕಡೆ, ಕಸದ ಡಬ್ಬಿ ಹತ್ತಿರ ಅಲ್ಲ. ಪರಚಿದ ಸೋಫಾದ ಕೈಯ ಪಕ್ಕಕ್ಕೇ ತಾಗಿಸಿ ಇಡಿ. ಸೋಫಾದ ಆ ಭಾಗಕ್ಕೆ ಎರಡೂ ಕಡೆ ಅಂಟೋ ಟೇಪು ಹಚ್ಚಿ, ಇಲ್ಲಾ ದಪ್ಪ ಬೆಡ್‌ಶೀಟ್ ಬಿಗಿಯಾಗಿ ಸಿಕ್ಕಿಸಿ. ಅಂಗಾಲಿಗೆ ಅಂಟಿದರೆ ಬೆಕ್ಕಿಗೆ ಆಗಲ್ಲ, ಪಕ್ಕದಲ್ಲಿ ಹಗ್ಗ ಇದೆ, ಅಲ್ಲಿಗೆ ಹೋಗುತ್ತೆ. ಹೋದ ತಕ್ಷಣ ಒಂದು ತುಣುಕು ಚಿಕನ್ನೋ, ಅದಕ್ಕಿಷ್ಟವಾದ ತಿಂಡಿಯೋ ಕೊಡಿ. ಅದರ ಕಾಲು ಹಿಡಿದು ಬಲವಂತವಾಗಿ ಹಗ್ಗಕ್ಕೆ ಉಜ್ಜೋಕೆ ಹೋಗಬೇಡಿ. ಒಂದು ದಾರ ಹಗ್ಗದ ಮೇಲೆ ಎಳೆದು ಆಡಿಸಿ, ತಾನಾಗೇ ಉಗುರು ಹಾಕುತ್ತೆ. ಮಲಗೋ ಜಾಗದ ಹತ್ತಿರ ಇನ್ನೊಂದು ಇದ್ದರೆ ಒಳ್ಳೇದು, ಎದ್ದ ತಕ್ಷಣ ಮೈ ಮುರಿಯೋಕೆ. ಕೆಲವು ಬೆಕ್ಕುಗಳಿಗೆ ನಿಂತ ಕಂಬಕ್ಕಿಂತ ನೆಲದ ಮೇಲೆ ಹಾಸಿದ್ದು ಇಷ್ಟ. ಅಂಥವಕ್ಕೆ ಬಾಗಿಲ ಮುಂದೆ ಹಾಕೋ ನಾರಿನ ಮ್ಯಾಟು ಸಾಕು. ನಿಮ್ಮ ಬೆಕ್ಕು ಈಗ ಕಾರ್ಪೆಟ್ ಪರಚ್ತಾ ಇದೆಯಾ, ಸೋಫಾದ ಕೈ ಪರಚ್ತಾ ಇದೆಯಾ ನೋಡಿದರೆ ಅದರ ಆಯ್ಕೆ ಗೊತ್ತಾಗುತ್ತೆ. ರಿಕ್ವೈರ್‌ಮೆಂಟ್ ಅದೇ ಬರೆದುಕೊಟ್ಟಿದೆ. ಓದೋ ತಾಳ್ಮೆ ನಮಗೆ ಬೇಕು.

ಇನ್ನು ಉಗುರು. ತೆಗೆಸಬೇಡಿ, ಕತ್ತರಿಸಿ. ಎರಡು ಮೂರು ವಾರಕ್ಕೊಂದು ಸಲ, ಬೆಕ್ಕಿನ ನೇಲ್ ಕಟ್ಟರ್ ತಗೊಂಡು, ಬೆರಳನ್ನ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತೆ. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತೆ. ಅಲ್ಲಿ ರಕ್ತ, ನರ ಎಲ್ಲಾ ಇದೆ, ಅದನ್ನ ಮುಟ್ಟಬಾರದು. ಅದಕ್ಕಿಂತ ಮುಂದಿನ ಚೂಪು ತುದಿಯನ್ನ ಮಾತ್ರ ಕತ್ತರಿಸಿ. ಒಂದೇ ದಿನ ಎಲ್ಲವನ್ನೂ ಮುಗಿಸೋ ಹಟ ಬೇಡ. ನಿದ್ದೆಗಣ್ಣಲ್ಲಿ ಇದ್ದಾಗ ದಿನಕ್ಕೆ ಎರಡು ಉಗುರು ಆದರೂ ಸಾಕು. ಮೊದಲ ಸಲ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ.

ನಮ್ಮನೇಲಿ ಇದೆಲ್ಲಾ ಕೆಲಸ ಮಾಡೋಕೆ ಐದು ವಾರ ಹಿಡೀತು. ಮೂರನೇ ವಾರ ನಾನು ಮತ್ತೆ ಸ್ಪ್ರೇ ಬಾಟಲಿ ಹುಡುಕಿದೆ. ಹೆಂಡತಿ ಅದನ್ನ ಮೊದಲೇ ಎತ್ತಿಟ್ಟಿದ್ದಳು, ಪುಣ್ಯ. ಈಗಲೂ ತಿಂಗಳಿಗೊಂದು ಸಲ ಚಕ್ಲಿ ಸೋಫಾಕ್ಕೆ ಒಂದು ಕೈ ನೋಡುತ್ತೆ. ನೂರಕ್ಕೆ ನೂರು ಫಿಕ್ಸ್ ಆಗಿಲ್ಲ. ನೂರಕ್ಕೆ ನೂರು ಅಪ್‌ಟೈಮ್ ನಮ್ಮ ಕಂಪನಿಯ ಸರ್ವರ್‌ಗೇ ಇಲ್ಲ, ಬೆಕ್ಕಿನ ಹತ್ತಿರ ಯಾಕೆ ಕೇಳಬೇಕು?

ಬರೋ ಆಕ್ಷೇಪಗಳು ನನಗೆ ಗೊತ್ತು. “ಬಾಡಿಗೆ ಮನೆ, ಓನರ್ ಡೆಪಾಸಿಟ್ ಮುರ್ಕೋತಾರೆ.” ಹೌದು, ಕಷ್ಟ. ಆದರೆ ಬಾಗಿಲ ಚೌಕಟ್ಟಿಗೆ ಗೀರು ಬಿದ್ದರೆ ಪಾಲಿಶ್ ಮಾಡಿಸಬಹುದು, ಬೆರಳಿನ ಮೂಳೆಗೆ ಪಾಲಿಶ್ ಇಲ್ಲ. “ಮನೇಲಿ ಮಗು ಇದೆ.” ಹಾಗಾದರೆ ಉಗುರಿನ ತುದಿ ತಪ್ಪದೆ ಕತ್ತರಿಸಿ, ಬಾಲ ಎಳೆಯಬಾರದು ಅಂತ ಮಗುವಿಗೆ ಕಲಿಸಿ, ಇಬ್ಬರನ್ನೇ ಬಿಟ್ಟು ಹೋಗಬೇಡಿ. “ಟೈಮಿಲ್ಲ ಗುರು.” ಇದೊಂದಕ್ಕೆ ನನಗೆ ಕೋಪ ಬರುತ್ತೆ. ವೀಕೆಂಡಿನಲ್ಲಿ ಎಂಟು ಎಪಿಸೋಡ್ ಒಟ್ಟಿಗೆ ನೋಡೋಕೆ ಟೈಮಿದೆ, ಒಂದು ಕಂಬಕ್ಕೆ ಹಗ್ಗ ಸುತ್ತೋಕೆ ಟೈಮಿಲ್ಲ ಅಂದ್ರೆ ಬೆಕ್ಕು ಸಾಕಬೇಡಿ. ಯಾರೂ ಬಲವಂತ ಮಾಡಿಲ್ಲ. ಸಾಕಿದ ಮೇಲೆ, ಸೋಫಾ ಹರಿದ ದಿನ “ನೈಜ ಕಾರಣಗಳಿಂದ ನಮ್ಮ ಮುದ್ದು ಬೆಕ್ಕಿಗೆ ಒಳ್ಳೆ ಮನೆ ಹುಡುಕ್ತಿದ್ದೀವಿ” ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕ್ತೀರಲ್ಲ, ಅದು ನಮ್ಮೂರಿನ ಗೋಣಿಚೀಲವೇ. ಇಂಗ್ಲಿಷಿನಲ್ಲಿ ಬರೆದಿದೆ ಅಷ್ಟೇ.

ಕಳೆದ ದೀಪಾವಳಿಗೆ ಅಮ್ಮ ಬಂದಿದ್ದರು. ಹಾಲ್‌ನ ನಡುವೆ ನಿಂತಿರೋ ಹಗ್ಗದ ಕಂಬವನ್ನ ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ಸೋಫಾದ ಹರಿದ ಎಡಗೈ ನೋಡಿದರು. ಬೈತಾರೆ ಅಂದುಕೊಂಡೆ. ಊರಿಂದ ಕೊಬ್ಬರಿ ಕಟ್ಟಿಕೊಂಡು ಬಂದಿದ್ದ ಗೋಣಿಚೀಲವನ್ನ ಒದರಿ, ನಾಲ್ಕು ಮಡಿಕೆ ಮಾಡಿ ಕಂಬದ ಬುಡಕ್ಕೆ ಹಾಕಿದರು. “ಇದೂ ಇರ್ಲಿ ಬುಡು, ಅದುಕ್ಕೆ ಮನೇಲವ್ನಿ ಅನ್ನುಸ್ಲಿ” ಅಂದರು. ಚಕ್ಲಿ ಬಂದು ಮೂಸಿ ನೋಡಿ, ಅದರ ಮೇಲೇ ಉಗುರು ಮಸೆದು, ಸುತ್ತಿಕೊಂಡು ಮಲಗಿತು. ಸೋಫಾದ ಎಡಗೈಯನ್ನ ನಾನು ಇನ್ನೂ ರಿಪೇರಿ ಮಾಡಿಸಿಲ್ಲ. ಇಎಂಐ ಮುಗಿದಿದೆ. ಸ್ಪಂಜು ಕಾಣುತ್ತೆ. ಬಂದವರು ಕೇಳ್ತಾರೆ, ಬೆಕ್ಕಿದೆ ಅಂತ ಹೇಳ್ತೀನಿ.

ಕ್ಯಾಂಟೀನಿನಲ್ಲಿ ಕೇಳಿದ ಗೆಳೆಯನಿಗೆ ಅವತ್ತು ನಾನು ಹೆಚ್ಚು ಮಾತಾಡಲಿಲ್ಲ. ಡಬ್ಬಿ ಪಕ್ಕಕ್ಕಿಟ್ಟು “ಬಲಗೈ ಕೊಡು” ಅಂದೆ. ತೋರುಬೆರಳಿನ ತುದಿಯ ಗೆಣ್ಣು ಒತ್ತಿ ಹಿಡಿದು ಡಾಕ್ಟರ್ ಕೇಳಿದ್ದನ್ನೇ ಕೇಳಿದೆ. ಅವನು ಕೈ ಎಳೆದುಕೊಂಡ. ಸ್ವಲ್ಪ ಹೊತ್ತು ಸುಮ್ಮನೆ ಅನ್ನ ಕಲಸಿ, “ಹಗ್ಗ ಎಲ್ಲಿ ಸಿಗುತ್ತೆ?” ಅಂದ.

ಅಪ್ಪ ಈ ಸಲ ಧಾರಾಳವಾಗಿ ನೂರು ಮೀಟರ್ ಕಳಿಸಿದ್ದಾರೆ. ಭಾನುವಾರ ಅವನು ಬರ್ತಾನೆ, ಅವನ ಕಂಬಕ್ಕೆ 40 ಹೋಗುತ್ತೆ. ಮಿಕ್ಕಿದ್ದರಲ್ಲಿ ಇನ್ನೊಂದು ಕಂಬ ಆಗುತ್ತೆ. ಬೇಕಾದವರು ಬನ್ನಿ. ಕಂಬ ನೀವೇ ತನ್ನಿ.